ಕಬಡ್ಡಿಯೋ ಕ್ರಿಕೆಟ್ಟೋ: ಗೆಳೆಯರ ಜೊತೆ ಆಟದ ಕಾಮಿಡಿ ಸಿನಿಮಾ ತೆಗೆಯುವ ಮುಂಚೆ

ಹಾಸನದಲ್ಲಿ ನಾಲ್ಕು ಜನ ಗೆಳೆಯರು ಸಂಜೆ ಟೀ ಅಂಗಡಿ ಮುಂದೆ ಸೇರಿದರೆ ಮಾತು ಕೊನೆಗೆ ಆಟಕ್ಕೆ ಬರುತ್ತದೆ, ಇಲ್ಲವೇ ಸಿನಿಮಾಕ್ಕೆ. ಎರಡನ್ನೂ ಸೇರಿಸಿ ನಾವೇ ಒಂದು ಕಾಮಿಡಿ ಸಿನಿಮಾ ತೆಗೆದರೆ ಹೇಗೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮಲ್ಲೂ ಕೇಳಿದರು. ಎರಡು ಸಲ ಕೈ ಹಾಕಿದೆವು. ಮೊದಲನೆಯದು ಟೆನಿಸ್ ಬಾಲ್ ಕ್ರಿಕೆಟ್ ಬಗ್ಗೆ. ಅದು ಅರ್ಧಕ್ಕೇ ನಿಂತಿತು. ಎರಡನೆಯದು ಕಬಡ್ಡಿ ಬಗ್ಗೆ, 14 ನಿಮಿಷದ್ದು. ಅದು ಮುಗಿಯಿತು. ಊರಿನಲ್ಲಿ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು ತೋರಿಸಿದೆವು. ಅಜ್ಜಿಯರೂ ನಕ್ಕರು.

ಮೊದಲ ಸಿನಿಮಾದ ಕಥೆ ಚೆನ್ನಾಗಿತ್ತು. ಹುಡುಗರೂ ಚೆನ್ನಾಗಿ ಮಾಡುತ್ತಿದ್ದರು. ನಾವು ಆರಿಸಿಕೊಂಡ ಆಟ ಮಾತ್ರ ನಮ್ಮ ಕೈಗೆ ಮೀರಿದ್ದು. ಆದ್ದರಿಂದ ನನ್ನ ಮಾತು ಇಷ್ಟೇ: ಕಥೆ ಬರೆಯುವ ಮುಂಚೆ ಆಟ ಆರಿಸಿ. ಆಟ ಆರಿಸುವಾಗ ನಿಮಗೆ ಯಾವುದು ಇಷ್ಟ ಅಂತ ನೋಡಬೇಡಿ. ಯಾವ ಆಟದಲ್ಲಿ ಆಡುವವರ ಮುಖ ಹತ್ತಿರದಿಂದ ಸಿಗುತ್ತದೆ ಅಂತ ನೋಡಿ.

ಕ್ರಿಕೆಟ್

ಕ್ರಿಕೆಟ್ ಅಂದ ಕೂಡಲೇ ಎಲ್ಲರೂ ಹೂಂ ಅನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಕಾರಣವೂ ಇದೆ. ಜಾವಗಲ್ ಅನ್ನುವ ಊರಿನ ಹೆಸರು ಶ್ರೀನಾಥ್ ಜೊತೆ ಜಗತ್ತು ಸುತ್ತಿ ಬಂತು. ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಬಾಲಿಗೆ 70 ರನ್ ಹೊಡೆದದ್ದನ್ನು ನಾನಂತೂ ಮರೆತಿಲ್ಲ.

ಆದರೆ ಪ್ರೀತಿ ಬೇರೆ, ಕ್ಯಾಮೆರಾ ಬೇರೆ. ಪಿಚ್ಚೇ 20 ಮೀಟರ್ ಉದ್ದ. ಬೌಲರ್ ಹಿಂದೆ ನಿಂತು ಫೋನಿನಲ್ಲಿ ತೆಗೆದರೆ ಬ್ಯಾಟ್ ಮಾಡುವವನ ಮುಖ ಕಡಲೆಕಾಳಿನಷ್ಟು ಕಾಣುತ್ತದೆ. ಫೀಲ್ಡರ್‌ಗಳು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ. ಒಬ್ಬ ಕ್ಯಾಚ್ ಬಿಟ್ಟ ಅಂದುಕೊಳ್ಳಿ. ಅವನ ಮುಖ ಹಿಡಿಯಲು ಬೌಂಡರಿವರೆಗೆ ಓಡಬೇಕು. ಬೈಯುವ ಕ್ಯಾಪ್ಟನ್ ಮುಖಕ್ಕೆ ಮತ್ತೆ ಪಿಚ್ಚಿನ ಹತ್ತಿರ ಬರಬೇಕು. ಬೈಯುವವನೂ ಬೈಸಿಕೊಳ್ಳುವವನೂ ಒಂದೇ ಫ್ರೇಮಿನಲ್ಲಿ ಸಿಗುವುದೇ ಇಲ್ಲ. ನಗು ಹುಟ್ಟುವುದು ಆ ಇಬ್ಬರ ನಡುವೆ ಅಲ್ವಾ? ಇದರ ಜೊತೆಗೆ 22 ಜನ ಬೇಕು. ಭಾನುವಾರ 22 ಜನ ಸೇರುವುದು ಅಂದರೆ ಯಾರಿಗೋ ನಾಮಕರಣ, ಯಾರಿಗೋ ಗೃಹಪ್ರವೇಶ. ನಮಗೆ ಒಂದು ವಾರ ಇದ್ದ ವಿಕೆಟ್ ಕೀಪರ್ ಮುಂದಿನ ವಾರ ಇರಲಿಲ್ಲ. ಹೀಗೆ ಮೂರು ವಾರ ಕಳೆದ ಮೇಲೆ ಯಾರೂ ಫೋನ್ ಎತ್ತಲಿಲ್ಲ.

ಕ್ರಿಕೆಟ್ಟಿಗೆ ಒಂದು ಅನುಕೂಲ ಇದೆ, ಅದನ್ನೂ ಹೇಳಬೇಕು. ಅದನ್ನು ತುಂಡು ತುಂಡಾಗಿ ತೆಗೆಯಬಹುದು. ಬೌಲ್ ಮಾಡುವುದು ಒಂದು ಶಾಟ್, ಹೊಡೆಯುವುದು ಇನ್ನೊಂದು. ಬಾಲು ನಿಜವಾಗಿ ಸಿಕ್ಸರ್ ಹೋಗಬೇಕಿಲ್ಲ, ಎಲ್ಲರೂ ಒಟ್ಟಿಗೆ ಮೇಲೆ ನೋಡಿದರೆ ಸಾಕು. ಕ್ರಿಕೆಟ್ಟೇ ಬೇಕು ಅನ್ನುವವರು ಅದನ್ನು ಮೈದಾನದಿಂದ ಗಲ್ಲಿಗೆ ತನ್ನಿ. ಒಂದು ಕಡೆಗೆ ಐದು ಜನ, ಒಂದು ಗೋಡೆ, ಒಂದು ಕಿಟಕಿ. ಕಾಂಪೌಂಡ್ ಒಳಗೆ ಬಿದ್ದರೆ ಔಟ್, ಬಾಲ್ ಕಳೆದವನೇ ಹೊಸದು ತರಬೇಕು, ಬ್ಯಾಟ್ ತಂದವನಿಗೆ ಮೊದಲ ಬ್ಯಾಟಿಂಗ್. ಈ ರೂಲ್ಸಿನಲ್ಲೇ ಅರ್ಧ ಕಥೆ ಇದೆ.

ಕಬಡ್ಡಿ

ಈಗ ನನ್ನ ಆಯ್ಕೆ. ಗಂಡಸರ ಕಬಡ್ಡಿ ಕೋರ್ಟ್ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದ್ದು 12ಕ್ಕೆ 8. ಒಂದು ಕಡೆಗೆ ಏಳು ಜನ. ಎಲ್ಲರೂ ಒಂದೇ ಫ್ರೇಮಿನಲ್ಲಿ ಸಿಗುತ್ತಾರೆ. ಬಾಲಿಲ್ಲ, ಬ್ಯಾಟಿಲ್ಲ, ನೆಟ್ಟಿಲ್ಲ. ಸುಣ್ಣದ ಪುಡಿ ಒಂದು ಚೀಲ, ಎರಡು ಬಣ್ಣದ ಬನಿಯನ್ನು, ಮುಗಿಯಿತು. ಒಬ್ಬ ಎದುರು ಪಾಳಯಕ್ಕೆ ನುಗ್ಗಿ ಬರುವ ಒಂದು ರೈಡಿಗೆ 30 ಸೆಕೆಂಡು. ಅಂದರೆ ಪ್ರತಿ ರೈಡೂ ಒಂದು ಪುಟ್ಟ ಕಥೆ: ಹೋದ, ಏನೋ ಆಯಿತು, ಬಂದ ಅಥವಾ ಬರಲಿಲ್ಲ. ಬರೆಯುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಯಾವ ಆಟವೂ ಮಾಡುವುದಿಲ್ಲ.

ನಗು ಕೂಡ ಆಟದ ನಿಯಮದಲ್ಲೇ ಕೂತಿದೆ. ರೈಡರ್ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇರಬೇಕು. ಅವನಿಗೆ ಎದುರು ಪಾಳಯದವನ ಹತ್ತಿರ ಸಾಲ ಇದೆ ಅಂದುಕೊಳ್ಳಿ. ಆ ಮನುಷ್ಯ ಕೈ ಚಾಚಿ ಸಾಲ ಕೇಳುತ್ತಿದ್ದಾನೆ, ಇವನು ಕಬಡ್ಡಿ ಬಿಟ್ಟು ಬೇರೆ ಮಾತಾಡುವ ಹಾಗಿಲ್ಲ. ಆ ಒಂದು ಪದದಲ್ಲೇ ಸಮಾಧಾನ, ಬೇಡಿಕೆ, ಸಿಟ್ಟು ಎಲ್ಲ ಹೇಳಬೇಕು. ನಟನೆ ಗೊತ್ತಿಲ್ಲದ ಹುಡುಗನೂ ಇದನ್ನು ಮಾಡಬಲ್ಲ.

ಇನ್ನೊಂದು, ಔಟಾದವನು ಮನೆಗೆ ಹೋಗುವುದಿಲ್ಲ. ಗೆರೆಯಾಚೆ ಕೂರುತ್ತಾನೆ. ತನ್ನ ತಂಡ ಎದುರಾಳಿಯನ್ನು ಔಟ್ ಮಾಡಿದರೆ, ಮೊದಲು ಔಟಾದವನು ಮೊದಲು ಒಳಗೆ ಬರುತ್ತಾನೆ. ಆದರೆ ರೈಡರ್ ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಬೋನಸ್ ಪಾಯಿಂಟಿಗೆ ಯಾರೂ ಒಳಗೆ ಬರುವ ಹಾಗಿಲ್ಲ. ನಮ್ಮ ಸಿನಿಮಾದಲ್ಲಿ ಒಬ್ಬ ಹುಡುಗ ಮೊದಲ ನಿಮಿಷಕ್ಕೇ ಔಟಾಗುತ್ತಾನೆ. ಅವನನ್ನು ನೋಡಲು ಹುಡುಗಿ ಮನೆಯವರು ಬಂದಿದ್ದಾರೆ. ತಂಡಕ್ಕೆ ಪಾಯಿಂಟ್ ಬಂತು ಅಂತ ಜನ ಕೂಗುತ್ತಾರೆ. ಇವನು ಎದ್ದು, ಚಡ್ಡಿ ಮೇಲೆಳೆದು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಡುತ್ತಾನೆ. ಅಂಪೈರ್ ಸೀಟಿ ಊದಿ 'ಬೋನಸ್' ಅನ್ನುತ್ತಾರೆ. ಇವನು ಹೋಗಿ ಕೂರುತ್ತಾನೆ. ಇದನ್ನೇ ಮೂರು ಸಲ ಮಾಡಿದೆವು. ಮೂರನೇ ಸಲ ಅವನು ಏಳುವ ಮುಂಚೆಯೇ ಜನ ನಗುತ್ತಿದ್ದರು.

ನಾನು ತುಂಬ ಪ್ರೀತಿಸುವ ಶಾಟ್ ಒಂದಿದೆ. ಫೋನನ್ನು ನೆಲಕ್ಕೆ ಮಲಗಿಸಿ, ಪಕ್ಕಕ್ಕೆ ಒಂದು ಚಪ್ಪಲಿ ಆನಿಸಿ ನಿಲ್ಲಿಸಿದೆವು. ಎದುರಿಗೆ ನಡುಗೆರೆ. ಬಿಳಿ ಸುಣ್ಣ, ಅದರ ಮೇಲೆ ಒಂದು ಕೆಂಪು ಇರುವೆ. ಗೆರೆಯಿಂದ ನಾಲ್ಕು ಬೆರಳು ದೂರದಲ್ಲಿ ರೈಡರ್‌ನ ಕೈ. ಉಗುರಿನಲ್ಲಿ ಮಣ್ಣು. ಹಿಂದೆ ಏಳು ಜನ ಅವನ ಮೇಲೆ ಬಿದ್ದಿದ್ದಾರೆ, ನಮಗೆ ಕಾಣುವುದು ಕಾಲುಗಳ ರಾಶಿ ಮಾತ್ರ. ಕಬಡ್ಡಿ ಅನ್ನುವ ದನಿ ಸಣ್ಣಗಾಗುತ್ತಾ ಬರುತ್ತದೆ. ಬೆರಳು ಹುಳುವಿನ ಹಾಗೆ ಮುಂದೆ ಸರಿಯುತ್ತದೆ. ಆಗ ಅಂಪೈರ್ ಹವಾಯಿ ಚಪ್ಪಲಿ ಫ್ರೇಮಿಗೆ ಬರುತ್ತದೆ, ಆಮೇಲೆ ಮೊಣಕಾಲು, ಆಮೇಲೆ ಮುಖ. ಅವರು ಬೋರಲು ಮಲಗಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡುತ್ತಾರೆ. ಅಷ್ಟರಲ್ಲಿ ಇರುವೆ ಗೆರೆ ದಾಟಿರುತ್ತದೆ. ಇರುವೆ ಇದ್ದದ್ದು ನಮ್ಮ ಅದೃಷ್ಟ. ಇಂಥದ್ದು ಕ್ರಿಕೆಟ್ ಮೈದಾನದಲ್ಲಿ ಸಿಗುವುದು ಕಷ್ಟ.

ತೊಂದರೆ ಇಲ್ಲವೇ ಅಂದರೆ ಇದೆ. ಪೆಟ್ಟು ಬೀಳುತ್ತದೆ. ಒಂದೇ ಹಿಡಿತವನ್ನು ಆರು ಟೇಕ್ ಮಾಡಿದರೆ ಮೊಣಕಾಲು, ಮೊಣಕೈ ತರಚುತ್ತದೆ. ಹಿಂದಿನ ದಿನವೇ ನೆಲ ಕೆದಕಿ ಕಲ್ಲು ಆರಿಸಿ. ಮಣ್ಣು ಸಡಿಲ ಮಾಡಿ, ನೀರು ಚಿಮುಕಿಸಿ. ಹಿಡಿಯುವುದನ್ನು ಮೊದಲು ನಿಧಾನವಾಗಿ ಅಭ್ಯಾಸ ಮಾಡಿಸಿ. ಪಾದದ ಗಂಟು ಹಿಡಿದು ತಿರುಗಿಸುವುದನ್ನು ಯಾರೂ ಮಾಡಕೂಡದು ಅಂತ ಮೊದಲೇ ಹೇಳಿ. ಹತ್ತಿ, ಡೆಟಾಲ್, ಬ್ಯಾಂಡೇಜ್ ಕಣ್ಣಿಗೆ ಕಾಣುವ ಜಾಗದಲ್ಲಿರಲಿ.

ವಾಲಿಬಾಲ್, ಕೆಸರುಗದ್ದೆ, ಖೋ ಖೋ

ಮಲೆನಾಡಿನ ಕಡೆಯ ಗೆಳೆಯರು ವಾಲಿಬಾಲ್ ಅನ್ನುತ್ತಾರೆ. ಮೂಡಿಗೆರೆ, ಸಕಲೇಶಪುರದ ಸುತ್ತ ಸಂಜೆ ಆಟ ಅಂದರೆ ಅದೇ. ಕೋರ್ಟ್ 18 ಮೀಟರ್ ಉದ್ದ, 9 ಮೀಟರ್ ಅಗಲ. ಬಾಲು ದೊಡ್ಡದು, ಚೆನ್ನಾಗಿ ಕಾಣುತ್ತದೆ. ಬಾಲು ಕಾಫಿ ಗಿಡದೊಳಗೆ ಹೋಗಿ ಎಲ್ಲರೂ ಹುಡುಕುವ ದೃಶ್ಯವೂ ಪುಕ್ಕಟೆ. ಆದರೆ ಆಟ ಬಾರದವರು ಆಡಿದರೆ ಎರಡನೇ ಹೊಡೆತಕ್ಕೇ ಬಾಲು ಕೆಳಗೆ. ನಾಲ್ಕೈದು ಸಲ ಅತ್ತಿಂದಿತ್ತ ಹೋಗದೆ ಪಂದ್ಯ ಬಿಸಿಯೇರುವುದಿಲ್ಲ. ನಿಮ್ಮ ಗುಂಪಿನಲ್ಲಿ ನಿಜವಾಗಿ ಆಡುವವರು ಐದಾರು ಜನ ಇದ್ದರೆ ಮಾತ್ರ ಇದಕ್ಕೆ ಹೋಗಿ. ಇನ್ನೊಂದು ಮಾತು: ಎಸ್ಟೇಟಿನ ಕಾಫಿ ಕಣ ಸಮತಟ್ಟಾಗಿದೆ ಅಂತ ಆಸೆ ಬರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಕಾಫಿ ಒಣಗುತ್ತಿರುತ್ತದೆ. ಆ ಹೊತ್ತಿಗೆ ಕಣ ಕೇಳಿ ಎಸ್ಟೇಟಿನವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಕೆಸರುಗದ್ದೆ ಆಟ ನೋಡಲು ಇದೆಲ್ಲಕ್ಕಿಂತ ಚಂದ. ಬಿದ್ದರೆ ಪೆಟ್ಟಾಗುವುದು ಕಡಿಮೆ, ನಗು ಜಾಸ್ತಿ. ಹಗ್ಗಜಗ್ಗಾಟ ಒಂದು ಕಾಲಕ್ಕೆ ಒಲಿಂಪಿಕ್ಸ್ ಆಟವಾಗಿತ್ತು ಗೊತ್ತಾ? 1900ರಿಂದ 1920ರವರೆಗೆ ಇತ್ತು. ಊರಿನ ಹಗ್ಗಜಗ್ಗಾಟ ತಂಡಕ್ಕೆ ಈ ಸುದ್ದಿ ತಡವಾಗಿ ತಲುಪಿ, ಮತ್ತೆ ಸೇರಿಸಿಯೇ ಸೇರಿಸುತ್ತಾರೆ ಅಂತ ತಯಾರಿ ಶುರು ಮಾಡುವುದು ಒಳ್ಳೆಯ ಕಥೆಯಾಗುತ್ತದೆ. ಬೇಕಾದವರು ತೆಗೆದುಕೊಳ್ಳಿ. ಆದರೆ ಗದ್ದೆ ಸಿಗುವುದು ಮಳೆಗಾಲದಲ್ಲಿ, ನಾಟಿಗೆ ಮುಂಚಿನ ಕೆಲವೇ ದಿನ. ಒಮ್ಮೆ ಮೈಗೆ ಕೆಸರಾದರೆ ಆ ದಿನ ಮತ್ತೆ ಶುಭ್ರ ಬಟ್ಟೆಯ ಶಾಟ್ ತೆಗೆಯಲಾಗುವುದಿಲ್ಲ. ಕಾಲಲ್ಲಿ ಗಾಯ ಇದ್ದವರನ್ನು ಇಳಿಸಬೇಡಿ, ಕೆಸರಿನ ನೀರಿನಿಂದ ಇಲಿಜ್ವರ ಬರಬಹುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲು ಯಾರಿಗೂ ಬಿಡಬೇಡಿ, ಬೆರಳು ಹೋಗುತ್ತದೆ.

ಖೋ ಖೋ ನನಗೆ ಇಷ್ಟ. ಎಂಟು ಜನ ಸಾಲಾಗಿ ಕೂತು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿರುವುದು ಒಳ್ಳೆಯ ಚಿತ್ರ. ಆದರೆ ಓಟದ ವೇಗ ಇಲ್ಲದಿದ್ದರೆ ಆಟ ಸತ್ತುಹೋಗುತ್ತದೆ.

ನಿಜವಾದ ಟೂರ್ನಮೆಂಟೋ, ನಾವೇ ಕಟ್ಟಿದ ಪಂದ್ಯವೋ

ಊರಿನ ಟೂರ್ನಮೆಂಟಿಗೆ ಹೋಗಿ ತೆಗೆದರೆ ಶಾಮಿಯಾನ, ಜನ, ಲೈಟು, ಕಡ್ಲೆಪುರಿ ಗಾಡಿ ಎಲ್ಲ ಪುಕ್ಕಟೆ. ಆದರೆ ಅಲ್ಲಿ ಎರಡನೇ ಟೇಕ್ ಇಲ್ಲ. ನಾವೇ ಪಂದ್ಯ ಕಟ್ಟಿದರೆ ಎಷ್ಟು ಟೇಕ್ ಬೇಕಾದರೂ ಸರಿ, ಆದರೆ ನೋಡಲು ಹದಿನೈದು ಜನ ಇರುತ್ತಾರೆ, ಊಟದ ಹೊತ್ತಿಗೆ ಐದು ಜನ.

ಎರಡನ್ನೂ ಬೆರೆಸಿ. ಕಮಿಟಿಯವರ ಒಪ್ಪಿಗೆ ಪಡೆದು ನಿಜವಾದ ಟೂರ್ನಮೆಂಟಿನಲ್ಲಿ ಬರೀ ಜನರನ್ನು ತೆಗೆಯಿರಿ: ಚಪ್ಪಾಳೆ, ಬಾಯಿ ಮೇಲೆ ಕೈ, ಎದ್ದು ನಿಲ್ಲುವುದು, ನಿಟ್ಟುಸಿರು. ಅಲ್ಲಿದ್ದವರಿಗೆ ಹೇಳಿಯೇ ತೆಗೆಯಿರಿ, ಬೇಡ ಅಂದವರನ್ನು ಬಿಡಿ. ಆಟವನ್ನು ಬೇರೆ ದಿನ ನಿಮ್ಮ ಕೋರ್ಟಿನಲ್ಲಿ ತೆಗೆಯಿರಿ. ಬಿಸಿಲು ಜನರ ಯಾವ ಕೆನ್ನೆ ಮೇಲೆ ಬಿದ್ದಿತ್ತು ಅಂತ ಬರೆದಿಟ್ಟುಕೊಳ್ಳಿ. ಆಟಗಾರರ ಮೇಲೂ ಅದೇ ದಿಕ್ಕಿನಿಂದ ಬಿದ್ದರೆ ಎರಡೂ ಒಂದೇ ಪಂದ್ಯ ಅಂತ ಎಲ್ಲರೂ ನಂಬುತ್ತಾರೆ. ಕ್ಯಾಮೆರಾ ಯಾವಾಗಲೂ ಕೋರ್ಟಿನ ಒಂದೇ ಬದಿಯಲ್ಲಿರಲಿ. ಇವತ್ತು ಎಡಗಡೆ ಇದ್ದ ತಂಡ ನಾಳೆ ಬಲಗಡೆ ಕಂಡರೆ ಯಾರು ಯಾರ ಮೇಲೆ ರೈಡ್ ಹೋದರು ಅಂತಲೇ ತಿಳಿಯುವುದಿಲ್ಲ.

ಟೂರ್ನಮೆಂಟಿನಿಂದ ತರಲೇಬೇಕಾದ ಇನ್ನೊಬ್ಬರು ಮೈಕ್ ಹಿಡಿದ ಕಾಮೆಂಟರಿಯವರು. ದೇಣಿಗೆ ಕೊಟ್ಟವರ ಹೆಸರು, ಕಳೆದುಹೋದ ಬೈಕ್ ಕೀ, ರೈಡಿನ ವರ್ಣನೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವ ಮನುಷ್ಯ. ಇಂಥ ಒಬ್ಬರು ನಿಮ್ಮ ಹತ್ತಿರ ಇದ್ದರೆ ಕಥೆಯ ಬೆನ್ನೆಲುಬು ಸಿಕ್ಕಿದ ಹಾಗೆ. ಆಟದಲ್ಲಿ ತೆಗೆಯಲಾಗದ್ದನ್ನು ಅವರ ಬಾಯಲ್ಲಿ ಹೇಳಿಸಬಹುದು. ಅವರ ದನಿಯನ್ನು ಆಮೇಲೆ ರೆಕಾರ್ಡ್ ಮಾಡಬಹುದು, ಎಡಿಟಿಂಗಿನಲ್ಲಿ ಎಲ್ಲಿ ತೂತು ಕಂಡರೂ ಅಲ್ಲಿ ತುಂಬಬಹುದು. ನಮ್ಮ ಸಿನಿಮಾವನ್ನು ಉಳಿಸಿದ್ದೇ ಅದು.

ಎಲ್ಲಿ, ಯಾವಾಗ

ಹಾಸನ, ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಒಂದು ಕಡೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಲೆನಾಡು ಇನ್ನೊಂದು ಕಡೆ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರ್ ಅಷ್ಟೆ, ಅಷ್ಟರಲ್ಲಿ ಬೆಳಕೇ ಬದಲಾಗುತ್ತದೆ. ಮಲೆನಾಡಿನಲ್ಲಿ ಬೆಳಗ್ಗೆ ಮಂಜು, ಸಂಜೆ ಗುಡ್ಡದ ಹಿಂದೆ ಸೂರ್ಯ ಬೇಗ ಹೋಗುತ್ತಾನೆ. ಮರದ ಕೆಳಗೆ ಚುಕ್ಕೆ ಚುಕ್ಕೆ ಬಿಸಿಲು. ಓಡುವವನ ಮುಖ ಒಮ್ಮೆ ಬಿಳಿ, ಒಮ್ಮೆ ಕಪ್ಪು. ಕೆಲಸಕ್ಕೆ ಸಿಗುವ ಹೊತ್ತು ಕಡಿಮೆ. ಬಯಲಿನಲ್ಲಿ ಬೆಳಗ್ಗೆ ಏಳರಿಂದ ಹತ್ತು, ಮಧ್ಯಾಹ್ನ ಮೂರೂವರೆಯಿಂದ ಸಂಜೆವರೆಗೆ ಒಂದೇ ಥರದ ಬೆಳಕು ಸಿಗುತ್ತದೆ. ಮೊದಲ ಸಿನಿಮಾ ಆದರೆ ಬಯಲೇ ಸರಿ. ಹಸಿರು ಗುಡ್ಡ ಬೇಕೇ ಬೇಕು ಅಂದರೆ ತಂಡ ಬೇರೆ ಊರಿಗೆ ಪಂದ್ಯಕ್ಕೆ ಹೋಗುವ ಪ್ರಯಾಣವನ್ನು ಅಲ್ಲಿ ಒಂದು ದಿನದಲ್ಲಿ ತೆಗೆದುಕೊಂಡು ಬನ್ನಿ. ವಾರದ ಕೊನೆಗೆ ಮುಳ್ಳಯ್ಯನಗಿರಿ ಕಡೆ ಹೋಗಬೇಡಿ, ಪ್ರವಾಸಿಗಳ ಗಾಡಿ ಸಾಲಿನಲ್ಲೇ ದಿನ ಹೋಗುತ್ತದೆ.

ತಿಂಗಳು ನೋಡಿದರೆ ದೀಪಾವಳಿ ಕಳೆದ ಮೇಲಿಂದ ಫೆಬ್ರವರಿವರೆಗೆ ಒಳ್ಳೆಯದು. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ ಹಾಸನ ಪೇಟೆಯಲ್ಲಿ ಶೂಟಿಂಗ್ ಇಟ್ಟುಕೊಳ್ಳಬೇಡಿ, ಕಾಲಿಡಲು ಜಾಗ ಇರುವುದಿಲ್ಲ. ಮಾರ್ಚ್ ಬಂದರೆ ಪರೀಕ್ಷೆ, ಶಾಲೆ ಮೈದಾನ ಕೇಳಲೇಬಾರದು.

ಅನುಮತಿಯನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಒಂದು ಶಾಲೆಯ ಮೈದಾನಕ್ಕೆ ನಮಗೆ ಹೂಂ ಅಂದಿದ್ದರು. ಹದಿನಾಲ್ಕು ಜನ ಬನಿಯನ್ ಹಾಕಿಕೊಂಡು ಹೋದಾಗ ಗೇಟಿಗೆ ಬೀಗ. ಮುಖ್ಯೋಪಾಧ್ಯಾಯರಿಗೂ ಶಾಲೆಯ ಎಸ್‌ಡಿಎಂಸಿ ಸಮಿತಿಗೂ ಪತ್ರ ಕೊಟ್ಟು, ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ. ಬೇಲೂರು, ಹಳೇಬೀಡು 2023ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಅವು ಪುರಾತತ್ವ ಇಲಾಖೆಯ ಕೈಯಲ್ಲಿವೆ, ಅನುಮತಿ ಇಲ್ಲದೆ ಸಿನಿಮಾ ತೆಗೆಯುವ ಹಾಗಿಲ್ಲ. ಸಕಲೇಶಪುರದ ರೈಲು ಹಳಿ ಮೇಲೆ ನಡೆಯುವುದು ಅಪರಾಧ, ಅಪಾಯ ಕೂಡ. ಮೈಕ್ ಸೆಟ್ ಹಾಕುವುದಾದರೆ ಪೊಲೀಸ್ ಠಾಣೆಗೆ ಮೊದಲೇ ಹೋಗಿ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕುವಂತಿಲ್ಲ.

ಫೋನೋ ಕ್ಯಾಮೆರಾವೋ

ಫೋನು. ಬಾಡಿಗೆ ಕ್ಯಾಮೆರಾ ತಂದರೆ ಬಾಡಿಗೆಯ ಗಡಿಬಿಡಿ, ಲೆನ್ಸ್ ಮೇಲೆ ಧೂಳು, ಬಿದ್ದರೆ ಜಗಳ. ಆ ದುಡ್ಡನ್ನು ಕಾಲರ್ ಮೈಕಿಗೆ ಹಾಕಿ. ಮಸುಕು ಚಿತ್ರವನ್ನು ಜನ ಕ್ಷಮಿಸುತ್ತಾರೆ, ಕೇಳಿಸದ ಮಾತನ್ನು ಕ್ಷಮಿಸುವುದಿಲ್ಲ. ಬಯಲು ಗಾಳಿಗೆ ಮೈಕಿನ ಮೇಲೆ ತುಪ್ಪಳದ ಮುಚ್ಚಳ ಬೇಕೇ ಬೇಕು. ಕಬಡ್ಡಿ ಆಡುವಾಗ ಮೈಕ್ ಮೈಮೇಲಿದ್ದರೆ ಮುರಿಯುತ್ತದೆ. ಅದಕ್ಕೆ ಆಟದ ಶಾಟ್ ಮುಗಿದ ಕೂಡಲೇ ಅದೇ ಜಾಗದಲ್ಲಿ, ಅದೇ ಏದುಸಿರಿನಲ್ಲಿ ಹುಡುಗರಿಂದ ಮಾತುಗಳನ್ನು ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿ. ವಾರ ಬಿಟ್ಟು ರೂಮಿನಲ್ಲಿ ಕೂತು ಡಬ್ಬಿಂಗ್ ಮಾಡಿದರೆ ಆ ಉಸಿರು ಬರುವುದಿಲ್ಲ.

ರಾತ್ರಿ ಪಂದ್ಯ ತೆಗೆಯುವವರಿಗೆ ಒಂದು ಮುಖ್ಯ ವಿಷಯ. ನಮ್ಮ ಕರೆಂಟು 50 ಹರ್ಟ್ಜ್. ಅದರ ಬೆಳಕು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಫೋನಿಗೆ ಕಾಣುತ್ತದೆ. ಫೋನು ಸೆಕೆಂಡಿಗೆ 30 ಫ್ರೇಮಿನಲ್ಲಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟೆ ಹರಿಯಬಹುದು. 25 ಫ್ರೇಮ್ ಇಟ್ಟು, ಶಟರ್ ಸೆಕೆಂಡಿನ 50ರಲ್ಲಿ 1 ಭಾಗ ಮಾಡಿ. 120 ಫ್ರೇಮಿನ ಸ್ಲೋ ಮೋಷನ್ ಹಗಲಿಗೇ ಇರಲಿ. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್ ಪುಕ್ಕಟೆ ಸಿಗುತ್ತದೆ, ಕಂಪ್ಯೂಟರ್ ಮಾತ್ರ ಗಟ್ಟಿ ಇರಬೇಕು. ಸಿನಿಮಾ ಹಾಡು ಹಾಕಬೇಡಿ, ಯೂಟ್ಯೂಬಿನಲ್ಲಿ ಕಾಪಿರೈಟ್ ತಕರಾರು ಬರುತ್ತದೆ. ಊರಿನ ತಮಟೆಯವರನ್ನು ಕರೆಯಿರಿ, ಅವರ ಸಂಭಾವನೆ ಕೊಡಿ. ಆಟಕ್ಕೆ ಅದಕ್ಕಿಂತ ಒಳ್ಳೆಯ ಸಂಗೀತ ಇಲ್ಲ.

ಬರೆದ ಮಾತೋ, ಬಾಯಿಗೆ ಬಂದ ಮಾತೋ

ಪೂರ್ತಿ ಬರೆದ ಡೈಲಾಗ್ ಕೊಟ್ಟರೆ ನಟರಲ್ಲದವರು ಪಾಠ ಒಪ್ಪಿಸುತ್ತಾರೆ. ಏನೂ ಬರೆಯದಿದ್ದರೆ ಹತ್ತು ನಿಮಿಷ ಮಾತಾಡಿ ಎಲ್ಲೂ ಮುಟ್ಟುವುದಿಲ್ಲ. ಪ್ರತಿ ದೃಶ್ಯಕ್ಕೂ ಮೂರು ಸಾಲು ಬರೆಯಿರಿ: ಇವನಿಗೆ ಏನು ಬೇಕು, ಯಾರು ಅಡ್ಡ, ಕೊನೆ ಮಾತು ಯಾವುದು. ಕೊನೆ ಮಾತು ಮಾತ್ರ ಬರೆದಂತೆಯೇ ಬರಲಿ. ನಡುವಿನದು ಅವರದ್ದೇ ಬಾಯಲ್ಲಿ ಬರಲಿ. ಹಾಸನದ ಹುಡುಗ 'ಏನ್ಲಾ' ಅನ್ನಲಿ, ಮೂಡಿಗೆರೆಯವನು 'ಎಂತ ಮಾರಾಯ' ಅನ್ನಲಿ. ಅದನ್ನು ತಿದ್ದಬೇಡಿ. ಹಾಗಂತ ಆ ಮಾತನ್ನೇ ಅಣಕಿಸುವ ಜೋಕೂ ಬೇಡ.

ಇದು ನಾನು ಗಟ್ಟಿಯಾಗಿ ಹೇಳುವ ವಿಷಯ. ದಪ್ಪ ಇರುವ ಗೆಳೆಯನನ್ನು ಬೀಳಿಸಿ ನಗಿಸುವುದು ಸುಲಭ. ಅವನು ನಿಮಗಾಗಿ ಭಾನುವಾರ ಬಿಟ್ಟು ಬಂದಿದ್ದಾನೆ. ಅವನನ್ನು ತಂಡದ ಅತಿ ಒಳ್ಳೆಯ ಕಾರ್ನರ್ (ತುದಿಯಲ್ಲಿ ನಿಂತು ರೈಡರ್‌ನನ್ನು ಹಿಡಿಯುವವನು) ಮಾಡಿ, ಅವನ ಆಸೆಗೆ ಅಡ್ಡಿ ತನ್ನಿ. ಅವನು ನಿಜವಾಗಿ ಗೆಲ್ಲಬೇಕು ಅಂತ ಒದ್ದಾಡಿದಷ್ಟೂ ನಗು ಬರುತ್ತದೆ. ಸಿನಿಮಾ ನೋಡಿ ಅವನ ಅಮ್ಮನೂ ನಗುವಂತಿರಬೇಕು.

ಉದ್ದ 12ರಿಂದ 15 ನಿಮಿಷ ಇರಲಿ. ಅದಕ್ಕೆ ನಾಲ್ಕು ಭಾನುವಾರ ಹಿಡಿಯುತ್ತದೆ, ಐದನೆಯದು ಮಳೆಗೆ ಅಂತ ಇಟ್ಟುಕೊಳ್ಳಿ. ಖರ್ಚಿನಲ್ಲಿ ಊಟಕ್ಕೆ ಕೈ ಬಿಗಿ ಹಿಡಿಯಬೇಡಿ. ಬೆಳಗ್ಗೆ ಉಪ್ಪಿಟ್ಟು ತಡವಾದ ದಿನ ನಮ್ಮಲ್ಲಿ ಒಂದು ಶಾಟೂ ಸರಿಯಾಗಿ ಬರಲಿಲ್ಲ. ಅವರೆಕಾಯಿ ಕಾಲದಲ್ಲಿ ಒಬ್ಬ ಗೆಳೆಯನ ಮನೆಯಿಂದ ಮುದ್ದೆ, ಅವರೆಕಾಳು ಸಾರು ಬಂದ ದಿನ ಹನ್ನೊಂದು ಶಾಟ್ ಮುಗಿಸಿದೆವು.

ಇನ್ನೂ ಆಟ ಯಾವುದು ಅಂತ ತೀರ್ಮಾನ ಆಗದಿದ್ದರೆ ಮುಂದಿನ ಭಾನುವಾರ ಹೀಗೆ ಮಾಡಿ. ಆರು ಜನ ಹತ್ತಿರದ ಮೈದಾನಕ್ಕೆ ಹೋಗಿ. ಒಂದು ರೈಡ್, ಒಂದು ಓವರ್, ಒಂದು ಸರ್ವ್ ತೆಗೆಯಿರಿ. ಒಬ್ಬರು ಔಟಾಗಲಿ, ಇನ್ನೊಬ್ಬರು ಬೈಯಲಿ. ಸಂಜೆ ಅದನ್ನು ಆಟದ ಗಂಧಗಾಳಿ ಇಲ್ಲದ ಒಬ್ಬರಿಗೆ, ಮನೆಯ ಅತ್ತೆಗೋ ಅಕ್ಕನಿಗೋ, ದನಿ ನಿಲ್ಲಿಸಿ ತೋರಿಸಿ. ಯಾವುದಕ್ಕೆ ಅವರು 'ಆಮೇಲೆ ಏನಾಯ್ತು?' ಅಂತ ಕೇಳುತ್ತಾರೋ ಆ ಆಟಕ್ಕೆ ಸುಣ್ಣ ತನ್ನಿ.